ದೊಡ್ಡಪ್ಪಾ, ಕಾಲು ಊದಿದ್ದಕ್ಕೂ ಕಿಡ್ನಿಗೂ ಗಂಟು ಹಾಕ್ಬೇಡ್ರಿ

ದೊಡ್ಡಪ್ಪಾ, ಬೆಳಗ್ಗೆ ನೀವು ಹಾಕಿದ ಮೆಸೇಜು ಈಗ ನೋಡ್ದೆ, ಅಂಗಡೀಲಿ ಗಿರಾಕಿ ಗದ್ದಲ ಇತ್ತು. ಬಿಪಿ ಮಾತ್ರೆ 5 ಎಂಜಿ ಇದ್ದಿದ್ದನ್ನ ಡಾಕ್ಟ್ರು 10 ಎಂಜಿ ಮಾಡಿದ್ರು, ಆಮೇಲೆ ಎರಡೂ ಕಾಲು ಊದ್ಕೊಂಡ್ವು, ಕಿಡ್ನಿಗೆ ಹೊಡೀತು ಅಂತ ಮೂರು ದಿನದಿಂದ ಬಿಟ್ಟೀನಿ, ಆದ್ರೂ ಬಿಪಿ 130/80 ಐತೆ, ಇನ್ಯಾಕೆ ಮಾತ್ರೆ ಅಂದ್ರಲ್ಲ. ಅದ್ರ ಕೆಳಗೆ ಮಾವ ಮಾತ್ರೆ ಬದ್ಲು ಬೆಳ್ಳುಳ್ಳಿ ತಿನ್ರಿ ಅನ್ನೋ ಫಾರ್ವರ್ಡ್ ಬೇರೆ ಹಾಕ್ಯಾರೆ. ಟೈಪ್ ಮಾಡ್ಕೊಂತ ಕೂರಾಕೆ ಆಗಲ್ಲ, ಮೈಕ್ ಒತ್ಕೊಂಡು ಮಾತಾಡ್ತಿದೀನಿ, ತಪ್ಪು ಅಕ್ಷರ ಬಂದ್ರೆ ನೀವೇ ಸರಿ ಮಾಡ್ಕೊಂಡು ಓದ್ರಿ.

ಮೊದ್ಲು ಆ 130ರ ವಿಷ್ಯ. ನೀವು ಫೋಟೋ ಹಾಕಿರೋ ಸ್ಟ್ರಿಪ್ಪು ಆಮ್ಲೋಡಿಪಿನ್, ಅದು ಜಲ್ದಿ ಇಳಿಯೋ ಮಾತ್ರೆ ಅಲ್ಲ, ಮೈಯಾಗಿರೋದು ಅರ್ಧಕ್ಕೆ ಬರಾಕೇ 30ರಿಂದ 50 ಗಂಟೆ ಬೇಕು. ಅಂದ್ರೆ ಇವತ್ತು ಮಿಷನ್ನು ತೋರಿಸ್ತಿರೋದು ನೀವು ಬಿಟ್ಟ ಮಾತ್ರೆ ಇನ್ನೂ ಮಾಡ್ತಿರೋ ಕೆಲ್ಸನ ದೊಡ್ಡಪ್ಪಾ, ವಾರ ಬಿಟ್ಟು ನೋಡಿದ್ರೆ ಕಥೆ ಬೇರೆ ಇರುತ್ತೆ, ಏರಿದ್ದೂ ನಿಮಗೆ ಗೊತ್ತಾಗಲ್ಲ, ಯಾಕಂದ್ರೆ ಬಿಪಿ ಏರಿದ್ರೆ ತಲೆ ತಿರುಗ್ಲೇಬೇಕು ಅಂತೇನಿಲ್ಲ.

ಇನ್ನು ಕಾಲು. ಇದನ್ನ ನಿಮಗೆ ಹೇಳೋದು ಸುಲಭ, ಭದ್ರಾ ನಾಲೆ ನೀರಲ್ಲಿ ಭತ್ತ ಬೆಳ್ದೋರು ನೀವು. ತೂಬು ಪೂರ್ತಿ ಎತ್ತಿದ್ರೆ ಗದ್ದೆಗೆ ನೀರು ದಬದಬ ಬರುತ್ತೆ, ಆದ್ರೆ ಬಸಿಗಾಲುವೆ ಮೊದ್ಲಿನಷ್ಟೇ ಸಣ್ಣದೈತೆ, ಆವಾಗ ಏನಾಗುತ್ತೆ, ತಗ್ಗಿನ ಮಡೀಲಿ ನೀರು ನಿಲ್ಲುತ್ತೆ ಹೌದಲ್ರೀ? ಇದೂ ಹಂಗೇ. ರಕ್ತನಾಳದ ಗೋಡೇಲಿ ಸಣ್ಣ ಮಾಂಸಪಟ್ಟಿ ಇರುತ್ತೆ, ಅದು ಬಿಗಿ ಆಗಾಕೆ ಕ್ಯಾಲ್ಶಿಯಂ ಒಳಗೆ ಹೋಗ್ಬೇಕು, ಆ ಬಾಗ್ಲನ್ನ ಈ ಮಾತ್ರೆ ಅರ್ಧ ಮುಚ್ಚುತ್ತೆ, ನಾಳ ಸಡಿಲ ಆಗುತ್ತೆ, ಬಿಪಿ ಇಳಿಯುತ್ತೆ. ಜಾಸ್ತಿ ಸಡಿಲ ಆಗೋದು ರಕ್ತ ತರೋ ಕಡೆ, ವಾಪಸ್ ಒಯ್ಯೋ ಕಡೆ ಅಷ್ಟಾಗಿ ಆಗಲ್ಲ, ಅದ್ಕೆ ನೀರು ಪಾದದಾಗೆ ಜಿನುಗಿ ನಿಲ್ಲುತ್ತೆ, ಸಂಜೆಗೆ ಚಪ್ಪಲಿ ಬಿಗಿ, ಬೆಳಗ್ಗೆ ಎದ್ದಾಗ ಕಮ್ಮಿ. 5ರಲ್ಲಿ ಇಲ್ದಿದ್ದು 10ಕ್ಕೆ ಬಂದಿದ್ದೂ ಅದಕ್ಕೇ, ಡೋಸ್ ಏರಿದಂಗೆ ಊತಾನೂ ಏರುತ್ತೆ. ಆದ್ರೂ ಹಾರ್ಟು ಕಿಡ್ನಿ ಕೈಕೊಟ್ರೂ ಕಾಲು ಊದುತ್ತೆ, ಅದನ್ನ ನೋಡಿ ಹೇಳ್ಬೇಕಾಗಿರೋದು ಡಾಕ್ಟ್ರು, ಮೆಡಿಕಲ್ ಶಾಪಲ್ಲಿ ನಿಂತಿರೋ ನಾನಲ್ಲ. ಒಂದೇ ಕಾಲು ಊದಿ ನೋವು ಬಂದ್ರೆ, ಮಲಗಿದಾಗ ಉಸಿರು ಕಟ್ಟಿದ್ರೆ, ನಾಳೆ ಅನ್ಬೇಡ್ರಿ, ಆಗಲೇ ಹೊರಡ್ರಿ.

ಇಲ್ಲ ಅಂದ್ರೂ ಇವತ್ತೇ ಡಾಕ್ಟ್ರಿಗೆ ಫೋನ್ ಮಾಡಿ ನೀವೇ ಬಿಟ್ಟಿರೋದು ಹೇಳಿಬಿಡ್ರಿ, ಬೈತಾರೆ, ಬೈಸ್ಕಳ್ರಿ. ಮತ್ತೆ 5ಕ್ಕೆ ಇಳಿಸಿ ಟೆಲ್ಮಿಸಾರ್ಟಾನ್ ಸೇರಿಸ್ಬೋದು, ಇಲ್ಲ ಪೂರ್ತಿ ಬೇರೇದೇ ಕೊಡ್ಬೋದು. ಟೆಲ್ಮಿಸಾರ್ಟಾನ್ ಅಂದ್ರೆ, ನಾಳ ಬಿಗಿ ಮಾಡು ಅಂತ ಮೈಯಾಗೆ ಒಂದು ಹಾರ್ಮೋನ್ ಆರ್ಡರ್ ತರುತ್ತಲ್ಲ, ಆ ಆರ್ಡರ್ ತಗೊಳ್ಳೋ ಜಾಗದಲ್ಲಿ ಇದು ಮೊದ್ಲೇ ಹೋಗಿ ಕೂತ್ಕೊಂಬಿಡುತ್ತೆ. ಅದೇ ಹಾರ್ಮೋನ್ ತಯಾರಾಗೋದನ್ನೇ ತಡಿಯೋದು ಎನಾಲಪ್ರಿಲ್, ರಾಮಿಪ್ರಿಲ್. ನಮ್ಮತ್ತೆ ಎರಡು ತಿಂಗ್ಳು ಒಣ ಕೆಮ್ಮು ಅಂತ ಸಿರಪ್ ಮೇಲೆ ಸಿರಪ್ ಕುಡುದ್ರು, ಕೊನೆಗೆ ನೋಡಿದ್ರೆ ರಾಮಿಪ್ರಿಲ್ ಕೆಲ್ಸ, ಬದಲಾಯಿಸಿದ್ಮೇಲೆ ನಿಂತೋಯ್ತು.

ದೊಡ್ಡಮ್ಮಾ, ಇದನ್ನ ಕೇಳಿ ನೀವೂ ನಿಮ್ಮ ಮೆಟೊಪ್ರೊಲಾಲ್ ಬಿಟ್ಟೀರಿ ಮತ್ತೆ! ಅದು ಹಾರ್ಟು ಓಡೋ ಸ್ಪೀಡನ್ನೇ ಕಮ್ಮಿ ಮಾಡೋದು, ಇಷ್ಟು ದಿನ ಹಿಡಿದಿದ್ದನ್ನ ದಢಕ್ಕನೆ ಬಿಟ್ರೆ ಹಾರ್ಟು ಮೊದ್ಲಿಗಿಂತ ಜೋರಾಗಿ ಓಡುತ್ತೆ. ನಮ್ಮಪ್ಪ ದುಗ್ಗಮ್ಮನ ಜಾತ್ರೆ ಗಡಿಬಿಡೀಲಿ ಇದೇ ಮಾತ್ರೆ ನಾಲ್ಕು ದಿನ ಮರೆತು, ರಾತ್ರಿ ಒಂದು ಗಂಟೆಗೆ ಎದೆ ಡವಡವ ಅಂತ ಆಟೋದಾಗೆ ಆಸ್ಪತ್ರೆಗೆ ಹೋಗಿದ್ದು ನೆನಪೈತಲ್ಲ.

ಮಾವ, ಬೆಳ್ಳುಳ್ಳಿ ಚಟ್ನಿ ನಾನೂ ತಿಂತೀನಿ, ಚೆನ್ನಾಗಿರುತ್ತೆ, ಮಾತ್ರೆ ಬದ್ಲಿಗೆ ಅಲ್ಲ ಅಷ್ಟೇ. ನಾಟಿ ಔಷಧಿ ಅಂದ್ರೆ ನನಗೇನು ಅಸಡ್ಡೆ ಇಲ್ಲ, ನಮ್ಮ ಸರ್ಪಗಂಧಿ ಬೇರು ಬಿಪಿ ಇಳಿಸುತ್ತೆ ಅಂತ ಬೊಂಬಾಯಿ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಅನ್ನೋರು 1949ರಲ್ಲೇ ರೋಗಿಗಳಿಗೆ ಕೊಟ್ಟು ನೋಡಿ ಇಂಗ್ಲೆಂಡಿನ ಪತ್ರಿಕೇಲಿ ಬರೆದಿದ್ರು, ಅದ್ರಿಂದ ಮಾತ್ರೇನೂ ಬಂತು. ಆದ್ರೆ ಅದ್ರಲ್ಲಿ ಮನಸ್ಸು ಕುಗ್ಗೋ ಕಾಟ ಇತ್ತು, ಬೇರು ಅಂದ್ಮಾತ್ರಕ್ಕೆ ಸೈಡ್ ಎಫೆಕ್ಟ್ ಇರಲ್ಲ ಅಂತಿಲ್ಲ.

ಕೊನೇದು ದೊಡ್ಡಪ್ಪಾ, ಇದನ್ನ ನೀವು ಗ್ರೂಪಲ್ಲಿ ಹೇಳಿಲ್ಲ ಆದ್ರೆ ನನಗೆ ಡೌಟು. ಮೊಣಕಾಲು ನೋವಿಗೆ ಅಂತ ಡೈಕ್ಲೊಫಿನಾಕ್ ನುಂಗ್ತಿದೀರಾ? ನೋವಿನ ಮಾತ್ರೆ ಮೈಯಾಗೆ ಉಪ್ಪೂ ನೀರೂ ಹಿಡಿದಿಡುತ್ತೆ, ಬಿಪಿ ಏರಿಸುತ್ತೆ, ಕಾಲೂ ಊದಿಸುತ್ತೆ, ಮೇಲೆ ಸಂಜೆ ಮಂಡಕ್ಕಿ ಮಿರ್ಚಿ ಉಪ್ಪು ಬೇರೆ. 5 ಸಾಲ್ದೆ 10 ಮಾಡೋ ಹಂಗಾಗಿದ್ದೇ ಅದ್ರಿಂದಾನೋ ಏನೋ. ಮನೇಲಿರೋ ಸ್ಟ್ರಿಪ್ಪೆಲ್ಲ ಚಾಪೆ ಮೇಲೆ ಹಾಕಿ ಒಂದು ಫೋಟೋ ಹೊಡ್ದು ಕಳಿಸ್ರಿ, ದೊಡ್ಡಮ್ಮನ ಡಬ್ಬೀಲಿರೋವೂ ಸೇರಿಸಿ. ಬಂದ್ರು ಯಾರೋ, ಇಡ್ತೀನಿ.