ಪೈಥಾನ್‌ನ ಆರಂಭಿಕ ಪುಸ್ತಕ ಮುಗಿದಿದೆ, ಮುಂದೆ ಯಾವುದನ್ನು ಕೊಳ್ಳಲಿ?

ಪ್ರಶ್ನೆ:
ನಮಸ್ಕಾರ ಸರ್. ನಾನು ಬ್ರಹ್ಮಾವರದವನು, ಉಡುಪಿಯಲ್ಲಿ ಬಿಸಿಎ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಒಂದು ಆರಂಭಿಕ ಪುಸ್ತಕವನ್ನು ಅಭ್ಯಾಸಗಳ ಸಹಿತ ಮುಗಿಸಿ, ನಮ್ಮ ದಿನಸಿ ಅಂಗಡಿಯ ಉದ್ರಿ ಲೆಕ್ಕಕ್ಕಾಗಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಅದು ಈಗ ಸುಮಾರು 900 ಸಾಲುಗಳಷ್ಟಾಗಿದೆ. ಹೊಸ ಗಿರಾಕಿಯ ಖಾತೆ ತೆರೆದಾಗ ಕೆಲವೊಮ್ಮೆ ಹಿಂದಿನವರು ಕೊಂಡೊಯ್ದ ಅಕ್ಕಿ, ತೆಂಗಿನೆಣ್ಣೆ ಎಲ್ಲವೂ ಇವರ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಅಪ್ಪ ಕೈಬರಹದ ಪುಸ್ತಕಕ್ಕೇ ಮರಳಿದ್ದಾರೆ. ನನ್ನಲ್ಲಿರುವುದು ಒಂದೇ ಪುಸ್ತಕ ಕೊಳ್ಳುವಷ್ಟು ಹಣ. ಒಬ್ಬ ಗೆಳೆಯ ಸಿ ಭಾಷೆಯ ಪುಸ್ತಕ ಓದು ಎನ್ನುತ್ತಾನೆ, ಇನ್ನೊಬ್ಬ ಆಲ್ಗಾರಿದಮ್‌ಗಳ (ಸಮಸ್ಯೆ ಬಿಡಿಸುವ ಹಂತಹಂತದ ವಿಧಾನಗಳ) ದೊಡ್ಡ ಪುಸ್ತಕವನ್ನೇ ತೆಗೆದುಕೋ ಎನ್ನುತ್ತಾನೆ. ದಯವಿಟ್ಟು ತಿಳಿಸಿ.

ಉತ್ತರ (ಮಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್):
ನಿಮ್ಮ ಗೆಳೆಯರು ಹೇಳಿದವು ಒಳ್ಳೆಯ ಪುಸ್ತಕಗಳೇ ಇರಬಹುದು, ಆದರೆ ಅವು ನಿಮ್ಮ ಅಂಗಡಿಯ ಲೆಕ್ಕವನ್ನು ನೋಡಿ ಕೊಟ್ಟ ಸಲಹೆಗಳಲ್ಲ. ಆ 900 ಸಾಲುಗಳು ಎಲ್ಲಿ ಕೈಕೊಡುತ್ತಿವೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಯಾವ ಪುಸ್ತಕ ಬೇಕೆಂಬುದು ಅಲ್ಲಿಯೇ ಗೊತ್ತಾಗುತ್ತದೆ.

ನೀವು ಕೋಡ್ ಹಾಕಿಲ್ಲವಾದರೂ ಲಕ್ಷಣ ಪರಿಚಿತವಾದದ್ದು. ಖಾತೆ ತೆರೆಯುವ ಫಂಕ್ಷನ್‌ನಲ್ಲಿ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್ ತುಣುಕಿನಲ್ಲಿ) ಸಾಮಾನುಗಳ ಪಟ್ಟಿಗೆ ಡೀಫಾಲ್ಟ್ ಮೌಲ್ಯವಾಗಿ, ಅಂದರೆ ಏನೂ ಕೊಡದಿದ್ದಾಗ ಬಳಕೆಯಾಗುವ ಮೌಲ್ಯವಾಗಿ, ಒಂದು ಖಾಲಿ ಲಿಸ್ಟ್ (ಪಟ್ಟಿ) ಇಟ್ಟಿದ್ದೀರಿ ಎಂದು ನನ್ನ ಊಹೆ. ಪೈಥಾನ್ ಆ ಲಿಸ್ಟನ್ನು ಫಂಕ್ಷನ್ ಕರೆದಾಗಲೆಲ್ಲ ಹೊಸದಾಗಿ ಮಾಡುವುದಿಲ್ಲ. ಫಂಕ್ಷನ್ ವ್ಯಾಖ್ಯಾನಗೊಳ್ಳುವಾಗ ಒಂದೇ ಒಂದು ಬಾರಿ ಮಾಡಿ ಇಟ್ಟುಕೊಳ್ಳುತ್ತದೆ. ಪಟ್ಟಿ ಕೊಡದೆ ತೆರೆದ ಖಾತೆಗಳೆಲ್ಲವೂ ಆ ಒಂದೇ ಲಿಸ್ಟಿಗೆ ಬರೆಯುತ್ತವೆ, ಪಟ್ಟಿ ಕೊಟ್ಟು ತೆರೆದವು ಸರಿಯಾಗಿರುತ್ತವೆ. ‘ಕೆಲವೊಮ್ಮೆ’ ಎಂದು ನೀವು ಬರೆದದ್ದು ಇದಕ್ಕೇ ಇರಬೇಕು. ಡೀಫಾಲ್ಟ್ ಆಗಿ ‘ನನ್’ (None, ಅಂದರೆ ‘ಏನೂ ಇಲ್ಲ’ ಎಂಬ ಮೌಲ್ಯ) ಇಟ್ಟು, ಪಟ್ಟಿ ಬಂದಿಲ್ಲದಿದ್ದರೆ ಫಂಕ್ಷನ್‌ನ ಒಳಗೆ ಹೊಸ ಲಿಸ್ಟ್ ಮಾಡಿಕೊಳ್ಳಿ.

ಇದು ಸಿ ಭಾಷೆ ಕಲಿತರೆ ಅಥವಾ ಆಲ್ಗಾರಿದಮ್ ಕಲಿತರೆ ನೀಗುವ ಕೊರತೆಯಲ್ಲ, ಕೈಯಲ್ಲಿರುವ ಭಾಷೆಯ ಒಳಗನ್ನು ಅರಿಯದ ಕೊರತೆ. ಆದ್ದರಿಂದ ಲುಸಿಯಾನೊ ರಮಾಲೊ ಅವರ ‘ಫ್ಲೂಯೆಂಟ್ ಪೈಥಾನ್’ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. 2015ರ ಮೊದಲ ಆವೃತ್ತಿಯನ್ನಲ್ಲ, 2022ರ ಎರಡನೆಯ ಆವೃತ್ತಿಯನ್ನೇ ಕೇಳಿ ಪಡೆಯಿರಿ. ನಿಮ್ಮದೇ ತಪ್ಪನ್ನು ಅದರ ಆರನೆಯ ಅಧ್ಯಾಯದಲ್ಲಿ ಒಂದು ದೆವ್ವದ ಬಸ್ಸಿನ ಉದಾಹರಣೆಯಿಂದ ವಿವರಿಸಲಾಗಿದೆ: ಒಂದು ಬಸ್ಸು ಹತ್ತಿದ ಪ್ರಯಾಣಿಕರು ಇನ್ನೊಂದು ಬಸ್ಸಿನಲ್ಲಿಯೂ ಕುಳಿತಿರುತ್ತಾರೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಸಂಜೆಯ ನೂಕುನುಗ್ಗಲಿನಲ್ಲಿ ನಿಂತವರಿಗೆ ಇದು ಅಷ್ಟೇನೂ ಅಸಂಭವ ಎನಿಸಲಿಕ್ಕಿಲ್ಲ.

ಸಿ ಭಾಷೆಗೆ ಕರ್ನಿಗನ್ ಮತ್ತು ರಿಚಿಯವರ ಪುಸ್ತಕವಿದೆ; ಅದರ 1988ರ ಎರಡನೆಯ ಆವೃತ್ತಿ 300 ಪುಟವೂ ಇಲ್ಲ, ಆದರೆ ತೆಳ್ಳಗಿದೆ ಎಂದು ಬೇಗ ಮುಗಿಯುವ ಪುಸ್ತಕವೆಂದುಕೊಳ್ಳಬೇಡಿ. ಮೆಮೊರಿ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲ ಹುಟ್ಟಿದಾಗ ಓದಿ. ಆಲ್ಗಾರಿದಮ್‌ಗಳ ದೊಡ್ಡ ಪುಸ್ತಕವೆಂದರೆ ನಿಮ್ಮ ಗೆಳೆಯ ಬಹುಶಃ ಕೋರ್ಮೆನ್ ಮತ್ತು ಸಂಗಡಿಗರದ್ದನ್ನು ಹೇಳಿರಬೇಕು. ಅದರ 2022ರ ನಾಲ್ಕನೆಯ ಆವೃತ್ತಿ 1,300 ಪುಟ ಮೀರುತ್ತದೆ, ಗಣಿತದ ಸಾಧನೆಗಳು ಧಾರಾಳವಾಗಿವೆ. ನಿಮ್ಮ ಅಂಗಡಿಗೆ ಇನ್ನೂರು ಗಿರಾಕಿಗಳಿದ್ದರೂ ಹೆಸರು ಹುಡುಕಲು ಪೈಥಾನ್‌ನ ಡಿಕ್ಷನರಿ (ಒಂದೊಂದು ಹೆಸರಿಗೆ ಅದರ ವಿವರವನ್ನು ಜೋಡಿಸಿಡುವ ವ್ಯವಸ್ಥೆ) ಧಾರಾಳ ಸಾಕು.

ಮರುಪ್ರಶ್ನೆ:
ಧನ್ಯವಾದಗಳು ಸರ್. ತಪ್ಪು ನೀವು ಹೇಳಿದಲ್ಲಿಯೇ ಇತ್ತು. ಇನ್ನೂ ಎರಡು ಫಂಕ್ಷನ್‌ಗಳಲ್ಲಿ ಅದನ್ನೇ ಮಾಡಿದ್ದೆ. ನೀವು ಹೇಳಿದ ಪುಸ್ತಕ ಬಹಳ ದೊಡ್ಡದೆಂದು ಕೇಳಿದೆ. ಇಷ್ಟರಲ್ಲಿ ಒಬ್ಬ ಸೀನಿಯರ್ ಅಣ್ಣ ತನ್ನ ಹಳೆಯ ಪೈಥಾನ್ ಪುಸ್ತಕವನ್ನು ನೂರು ರೂಪಾಯಿಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದನ್ನೇ ಕೊಳ್ಳಬಹುದೇ?

ಉತ್ತರ:
ಕೊಳ್ಳುವ ಮೊದಲು ಒಂದೆರಡು ಪುಟ ತಿರುವಿ, ಪ್ರಿಂಟ್ ಎಂಬ ಪದದ ಮುಂದೆ ಆವರಣ ಚಿಹ್ನೆ ಇದೆಯೇ ನೋಡಿ. ಇಲ್ಲವಾದರೆ ಅದು ಪೈಥಾನ್ 2ರ ಪುಸ್ತಕ. ಆ ಆವೃತ್ತಿಗೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಪ್ರಿಂಟ್‌ನ ವ್ಯತ್ಯಾಸವಾದರೋ ಕೂಡಲೇ ದೋಷ ತೋರಿಸಿ ಎಚ್ಚರಿಸುತ್ತದೆ, ಆದರೆ ಏಳನ್ನು ಎರಡರಿಂದ ಭಾಗಿಸಿದರೆ ಅಲ್ಲಿ 3 ಬರುತ್ತಿತ್ತು, ಈಗಿನ ಪೈಥಾನ್ 3ರಲ್ಲಿ 3.5 ಬರುತ್ತದೆ, ಮತ್ತು ಇದಕ್ಕೆ ಯಾವ ಎಚ್ಚರಿಕೆಯೂ ಇಲ್ಲ. ಲೆಕ್ಕದ ಪ್ರೋಗ್ರಾಂ ಬರೆಯುವವರು ಆ ಪುಸ್ತಕವನ್ನು ನಂಬಿ ಕೂರಬಾರದು.

ದೊಡ್ಡ ಪುಸ್ತಕವೆಂಬ ಭಯ ಬೇಡ. ಅದು ಸಾವಿರ ಪುಟದ ಆಸುಪಾಸಿನಲ್ಲಿದೆ ನಿಜ, ಆದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕೆಂದು ನಾನು ಹೇಳುವುದಿಲ್ಲ. ನಾನೂ ಹಾಗೆ ಓದಿದವನಲ್ಲ. ಲಿಸ್ಟು ಮತ್ತು ಡಿಕ್ಷನರಿಗಳ ಅಧ್ಯಾಯಗಳನ್ನು, ಅನಂತರ ಆ ಆರನೆಯದನ್ನು, ಕಂಪ್ಯೂಟರ್ ಎದುರಿಗಿಟ್ಟುಕೊಂಡು ಒಂದೊಂದು ಉದಾಹರಣೆಯನ್ನೂ ಕೈಯಾರೆ ಟೈಪ್ ಮಾಡುತ್ತ ಓದಿ. ಪ್ರತಿ ಅಧ್ಯಾಯ ಮುಗಿದ ಮೇಲೆ ಅದರಲ್ಲಿ ಕಲಿತ ಒಂದು ಸಂಗತಿಯನ್ನಾದರೂ ಅಂಗಡಿಯ ಪ್ರೋಗ್ರಾಂನಲ್ಲಿ ಅಳವಡಿಸಿ. ಮೂರು ವಾರ ಕಳೆದರೂ ಅಳವಡಿಸಲು ಏನೂ ಸಿಗದಿದ್ದರೆ ಪುಸ್ತಕವನ್ನು ಬದಿಗಿಡಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ರೂಪಾಯಿಯನ್ನು ದಶಮಾಂಶ ಬಿಂದುವಿರುವ ಸಂಖ್ಯೆಯಾಗಿ, ಅಂದರೆ ಫ್ಲೋಟ್ ಆಗಿ, ಇಟ್ಟಿದ್ದರೆ, 0.1 ಮತ್ತು 0.2 ಕೂಡಿಸಿ ಮುದ್ರಿಸಿ ನೋಡಿ: 0.30000000000000004 ಎಂದು ಬರುತ್ತದೆ. ಮೊತ್ತಗಳನ್ನೆಲ್ಲ ಪೈಸೆಗಳ ಪೂರ್ಣಾಂಕವಾಗಿ ಇಟ್ಟುಕೊಂಡು, ತೋರಿಸುವಾಗ ಮಾತ್ರ ರೂಪಾಯಿಯ ರೂಪ ಕೊಡಿ. ಅದಾದ ಮೇಲೆ ಒಂದು ತಿಂಗಳು ಅಪ್ಪನ ಕೈಬರಹದ ಪುಸ್ತಕವೂ ನಿಮ್ಮ ಪ್ರೋಗ್ರಾಂ ಕೂಡ ಜೊತೆಯಾಗಿ ನಡೆಯಲಿ, ಪ್ರತಿದಿನ ರಾತ್ರಿ ಎರಡರ ಮೊತ್ತವನ್ನು ತಾಳೆ ನೋಡಿ. ತಾಳೆಯಾಗದ ದಿನ ಆ ಕೋಡ್ ಭಾಗವನ್ನು ಇಲ್ಲಿ ಹಾಕಿ.