ಸಹಾಯ ಬೇಕು: ಮೈಸೂರಿನ ಹಳೆಯ ಮನೆಗೆ ಕಿಟಕಿ ಬದಲಿಸುವ ಗುತ್ತಿಗೆದಾರರು

ಚಾಮರಾಜಪುರಂನಲ್ಲಿರುವ ನಮ್ಮ ಅಜ್ಜನ ಕಾಲದ ಮನೆಯ ಕಿಟಕಿಗಳನ್ನು ಮುಂಗಾರಿಗೆ ಮುಂಚೆ ಸರಿಪಡಿಸಬೇಕಾಗಿದೆ. ಬೀದಿ ಕಡೆಯ ಮೂರು ಚೌಕಟ್ಟುಗಳನ್ನು ಗೆದ್ದಲು ತಿಂದಿದೆ. ಹಿತ್ತಲ ಕಡೆಯವು ತೇಗದವು, ಇನ್ನೂ ಗಟ್ಟಿ. ಕೀಲು ಮಾತ್ರ ಸಡಿಲ.

ಬಂದು ನೋಡಿದ ಇಬ್ಬರು ಗುತ್ತಿಗೆದಾರರೂ ಎಲ್ಲವನ್ನೂ ಕಿತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕಿಸಿ ಎನ್ನುತ್ತಾರೆ. (ಕಿತ್ತ ತೇಗ ಯಾರ ಪಾಲು ಎಂದು ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತದೆ!)

ನನ್ನ ನಿಜವಾದ ಚಿಂತೆ ಗೋಡೆಯದು. ಇದು ಸುಣ್ಣದ ಗಾರೆಯ ಇಟ್ಟಿಗೆ ಗೋಡೆ. ಚೌಕಟ್ಟಿನ ತುದಿಗಳು ಗೋಡೆಯೊಳಗೆ ಹೂತಿವೆ. ಬಡಿದು ಕಿತ್ತರೆ ಸುತ್ತಲಿನ ಇಟ್ಟಿಗೆಯೂ ಕಳಚಿ ಬರುತ್ತದೆ. ಮೇಲೆ ಕಾಂಕ್ರೀಟ್ ಲಿಂಟೆಲ್ ಇಲ್ಲ, ಮರದ ತೊಲೆಯೇ ಭಾರ ಹೊತ್ತಿದೆ. ಹಾಗಾಗಿ ಮೊದಲು ತೊಲೆಗೆ ಆಸರೆ ಕೊಟ್ಟು, ಒಂದೊಂದಾಗಿ ಕಿಟಕಿ ಬಿಚ್ಚುವವರು ಬೇಕು. ಸಂದು ತುಂಬುವಾಗ ಬರೀ ಸಿಮೆಂಟ್ ಮೆತ್ತುವವರು ಬೇಡ. ಮೆತ್ತನೆಯ ಹಳೆಯ ಇಟ್ಟಿಗೆಗೆ ಅದು ಒಗ್ಗುವುದಿಲ್ಲ, ತೇವವೂ ಒಳಗೇ ನಿಲ್ಲುತ್ತದೆ.

ಮೈಸೂರು ಅಥವಾ ಸುತ್ತಮುತ್ತ ಇಂಥ ಕೆಲಸ ಮಾಡಿಸಿದವರು ಇದ್ದೀರಾ? ಮುಂಗಡ ಎಷ್ಟು ಕೊಟ್ಟಿರಿ? ಒಬ್ಬರು ಅರ್ಧಕ್ಕಿಂತ ಹೆಚ್ಚು ಕೇಳುತ್ತಿದ್ದಾರೆ, ಲಿಖಿತ ಅಂದಾಜುಪಟ್ಟಿ ಮಾತ್ರ ಕೊಡುತ್ತಿಲ್ಲ. ಒಂದು ಮಳೆ ಬಿದ್ದು ನೀರು ಒಳಬರುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಸ್ವಲ್ಪ ಹಣ ಉಳಿಸಿಕೊಳ್ಳುವುದಕ್ಕೆ ಯಾರಾದರೂ ಒಪ್ಪುತ್ತಾರೆಯೇ? ಹಳೆಯ ಮರ ಗೊತ್ತಿರುವ ಬಡಗಿಗಳಿದ್ದರೂ ತಿಳಿಸಿ. ದೂರವಾಣಿ ಸಂಖ್ಯೆಗಳನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿ.