ಮೇಸ್ತ್ರಿ ಕೊಡುವ ಅಡ್ವಾನ್ಸ್ ಜೀತ ಆಗುತ್ತಾ? ಲ್ಯಾಂಡ್‌ಸ್ಕೇಪಿಂಗ್ ಮಾಡುವವರು ಹೇಳಿ

ಹುಲ್ಲುಹಾಸು:
ಬೆಂಗಳೂರಿನಲ್ಲಿ ನನ್ನದೊಂದು ಚಿಕ್ಕ ಲ್ಯಾಂಡ್‌ಸ್ಕೇಪಿಂಗ್ ವ್ಯವಹಾರ. ಅಪಾರ್ಟ್‌ಮೆಂಟು, ವಿಲ್ಲಾ ಕೆಲಸಗಳೇ ಜಾಸ್ತಿ. ಈಗ ಒಂದು ಬ್ರಿಟಿಷ್ ಕಂಪನಿಯ ಕ್ಯಾಂಪಸ್ ಕೆಲಸ ಸಿಗುವ ಹಾಗಿದೆ. ಕೊಟೇಶನ್ ಜೊತೆ ಒಂದು ಫಾರಂ ಕೇಳಿದ್ದಾರೆ. ನಿಮ್ಮಲ್ಲಿ, ನಿಮಗೆ ಮಾಲು ಕೊಡುವವರಲ್ಲಿ ಗುಲಾಮಗಿರಿ ಇಲ್ಲ ಅಂತ ಹೇಗೆ ಖಾತ್ರಿ ಮಾಡಿಕೊಂಡಿದ್ದೀರಿ ಅಂತ. ಎಲ್ಲದಕ್ಕೂ ಟಿಕ್ ಹಾಕಿ ಕಳಿಸಿ ಸಾರ್, ಯಾರು ನೋಡುತ್ತಾರೆ ಅನ್ನುತ್ತಾನೆ ನಮ್ಮ ಅಕೌಂಟೆಂಟ್. ನನಗೆ ಮನಸ್ಸು ಒಪ್ಪುತ್ತಿಲ್ಲ.

ಸಂಬಳಕ್ಕಿರುವ ಮಾಲಿಗಳದ್ದು ಸರಿಯಿದೆ, ಪಿಎಫ್, ಇಎಸ್‌ಐ ಎಲ್ಲ ಕಟ್ಟುತ್ತೇನೆ. ತಲೆನೋವು ಗುಂಡಿ ತೋಡುವ, ಕೆಮ್ಮಣ್ಣು ಹೊರುವ, ಕಲ್ಲು ಹಾಸುವ ಗ್ಯಾಂಗಿನದು. ರಾಯಚೂರು ಕಡೆಯವರು. ಗಂಡ-ಹೆಂಡತಿ ಜೋಡಿ ಲೆಕ್ಕ. ಮೇಸ್ತ್ರಿ ಊರಲ್ಲೇ ಅಡ್ವಾನ್ಸ್ ಕೊಟ್ಟು ಕರೆತರುತ್ತಾನೆ. ಶನಿವಾರದ ಬಟವಾಡೆ ದುಡ್ಡನ್ನು ನಾನು ಅವನ ಕೈಗೆ ಕೊಡುತ್ತೇನೆ. ಅದರಲ್ಲಿ ಎಷ್ಟು ಹಿಡಿಯುತ್ತಾನೋ ಗೊತ್ತಿಲ್ಲ. ಮೊನ್ನೆ ಒಬ್ಬಾಕೆ ಅವ್ವನಿಗೆ ಹುಷಾರಿಲ್ಲ, ಇಬ್ಬರೂ ಊರಿಗೆ ಹೋಗುತ್ತೇವೆ ಅಂದಳು. 'ನೀನು ಹೋಗಿ ಬಾ, ಗಂಡ ಇಲ್ಲೇ ಇರಲಿ' ಅಂದ ಮೇಸ್ತ್ರಿ. ಅವಳು ಬಾಂಡ್ಲಿ ಎತ್ತಿಕೊಂಡು ಸುಮ್ಮನೆ ಹೋದಳು. ಇದು ಜೀತವಾ?

ಗಿಡ ಆಂಧ್ರದ ಕಡಿಯಂ ನರ್ಸರಿಗಳಿಂದ ಬರುತ್ತದೆ, ಕಲ್ಲು ಯಾರ್ಡುಗಳಿಂದ. ಅಲ್ಲೆಲ್ಲ ಹೇಗೆ ವಿಚಾರಿಸುವುದು?

ಸೈಟ್_ಸೂಪರ್‌ವೈಸರ್:
ಅಡ್ವಾನ್ಸ್ ಇಲ್ಲದೆ ಈ ಕಾಲದಲ್ಲಿ ಒಬ್ಬ ಆಳೂ ಬರುವುದಿಲ್ಲ ಸ್ವಾಮಿ. ಅವರೇ ಕೇಳಿ ತೆಗೆದುಕೊಳ್ಳುತ್ತಾರೆ. ಅಡ್ವಾನ್ಸ್ ಎತ್ತಿಕೊಂಡು ರಾತ್ರೋರಾತ್ರಿ ಓಡಿಹೋದರೆ ಯಾರು ಹೊಣೆ? ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಬಿಡುಗಡೆಪತ್ರ:
ಜೀತ ಬಿಡಿಸುವ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ಅಡ್ವಾನ್ಸ್ ಕೊಟ್ಟ ಮಾತ್ರಕ್ಕೆ ಜೀತ ಆಗುವುದಿಲ್ಲ. ಅದು ತೀರುವವರೆಗೆ ಬಿಟ್ಟು ಹೋಗುವಂತಿಲ್ಲ, ಬೇರೆ ಕಡೆ ದುಡಿಯುವಂತಿಲ್ಲ, ಊರಿಗೆ ಹೋಗಬೇಕಾದರೆ ಒಬ್ಬರನ್ನು ಒತ್ತೆ ಇಡಬೇಕು ಅಂದಾಗ ಆಗುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೇಳುವುದು ಇದನ್ನೇ. ಕಟ್ಟಿಹಾಕಬೇಕಿಲ್ಲ, ಹೊಡೆಯಬೇಕಿಲ್ಲ. ಅವರೇ ಕೇಳಿದರು ಅನ್ನುವ ಮಾತೂ ನಿಲ್ಲುವುದಿಲ್ಲ. ಇದು ಜೀತದ ಸಾಲ ಅಂತ ಕಾರ್ಮಿಕ ಹೇಳಿದರೆ, ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಜೀತ ಅಂತಾದರೆ ಸಾಲವೇ ರದ್ದು. ಶಿಕ್ಷೆ 3 ವರ್ಷದವರೆಗೆ ಜೈಲು. ಕಾಯ್ದೆಯಲ್ಲಿ ಬರೆದ ದಂಡ ಮಾತ್ರ 2,000 ರೂಪಾಯಿವರೆಗೆ, ನೀವು ಇಡುವ ಒಂದು ದೊಡ್ಡ ಕುಂಡದ ಬೆಲೆ!

ಇನ್ನು ಬಟವಾಡೆ. 1982ರ ಏಷ್ಯಾಡ್‌ಗೆ (ಏಷ್ಯನ್ ಕ್ರೀಡಾಕೂಟಕ್ಕೆ) ದೆಹಲಿಯಲ್ಲಿ ಕಟ್ಟಡಗಳು ಏಳುವಾಗ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ ಇತ್ತು. ಗುತ್ತಿಗೆದಾರರು ಅದನ್ನು ಆಳು ಕರೆತರುವ ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರರು ತಲೆಗೆ 1 ರೂಪಾಯಿ ಮುರಿದುಕೊಂಡು 8.25 ಕೊಡುತ್ತಿದ್ದರು. ಅದೇ ವರ್ಷ ಸುಪ್ರೀಂ ಕೋರ್ಟು ಹೇಳಿತು: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ. ಹೊಟ್ಟೆಯ ಹಸಿವಿಗೆ ಒಪ್ಪಿಕೊಂಡರೂ ಅದು ಬಲವಂತವೇ. ನಿಮ್ಮ ಮೇಸ್ತ್ರಿ ಎಷ್ಟು ಮುರಿಯುತ್ತಾನೆ ಅಂತ ಗೊತ್ತಿಲ್ಲ ಅಂದಿರಲ್ಲ, ಮೊದಲು ಅದನ್ನು ತಿಳಿದುಕೊಳ್ಳಿ.

ಮೇಸ್ತ್ರಿಯ ಕಮಿಷನ್ ನೀವೇ ಬೇರೆ ಕೊಡಿ. ಕೂಲಿ ಅವರವರ ಖಾತೆಗೆ ಹೋಗಲಿ, ಹೆಂಡತಿಯದು ಹೆಂಡತಿಯ ಖಾತೆಗೇ. ಜೋಡಿ ಲೆಕ್ಕದಲ್ಲಿ ಹೆಂಗಸಿನ ಕೂಲಿ ಗಂಡನ ಹೆಸರಲ್ಲಿ ಕರಗಿಹೋಗುತ್ತದೆ. ಆಮೇಲೆ ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ ನೋಡಿ. ಕಾರ್ಡುಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಮೇಸ್ತ್ರಿಯೇ ಇಟ್ಟುಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಡ್ವಾನ್ಸ್ ಬೇಕೇ ಬೇಕು ಅಂದರೆ ನೀವೇ ಕೊಡಿ, ಬಡ್ಡಿಯಿಲ್ಲದೆ. ವಾರಕ್ಕೆ ಎಷ್ಟು ಹಿಡಿಯುತ್ತೀರಿ ಅಂತ ಬರೆದ ಚೀಟಿ ಅವರ ಹತ್ತಿರವೂ ಇರಲಿ. ಬಿಟ್ಟು ಹೋದರೆ ಉಳಿದದ್ದು ನಿಮ್ಮ ನಷ್ಟ ಅಂತ ಮೊದಲೇ ಅಂದುಕೊಳ್ಳಿ.

ಆ ಹೆಂಗಸಿನ ವಿಷಯ ಮಾತ್ರ ತಡ ಮಾಡಬೇಡಿ. ಗಂಡ-ಹೆಂಡತಿ ಇಬ್ಬರನ್ನೂ ಊರಿಗೆ ಕಳಿಸಿ. ಮೇಸ್ತ್ರಿ ತಡೆದರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ವಿಚಾರಣೆಯಲ್ಲಿ ಜೀತ ಅಂತ ಗೊತ್ತಾದರೆ ಬಿಡುಗಡೆ ಪತ್ರ ಕೊಡುತ್ತಾರೆ. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ.

ಯಾರ್ಕ್‌ಷೈರ್_ಕನ್ನಡಿಗ:
ಆ ಫಾರಂನ ಮೂಲ ಇಲ್ಲಿ ಬ್ರಿಟನ್ನಿನ 2015ರ ಮಾಡರ್ನ್ ಸ್ಲೇವರಿ ಆಕ್ಟ್, ಅಂದರೆ ಆಧುನಿಕ ಗುಲಾಮಗಿರಿ ಕಾಯ್ದೆ. ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ವಹಿವಾಟಿನ ಕಂಪನಿಗಳು ಗುಲಾಮಗಿರಿ ತಡೆಯಲು ಏನು ಮಾಡಿದೆವು ಅಂತ ಪ್ರತಿ ವರ್ಷ ಹೇಳಿಕೆ ಪ್ರಕಟಿಸಬೇಕು. ತಮಾಷೆ ಅಂದರೆ, 'ನಾವು ಯಾವ ಕ್ರಮವನ್ನೂ ತೆಗೆದುಕೊಂಡಿಲ್ಲ' ಅಂತ ಬರೆದರೂ ಕಾನೂನಿಗೆ ಸಾಕು. ಹಾಗಾಗಿ ನಿಮಗೆ ಗೊತ್ತಾದದ್ದನ್ನು, ಸರಿ ಮಾಡುತ್ತಿರುವುದನ್ನು ಇದ್ದ ಹಾಗೆ ಬರೆಯಿರಿ.

ಕಲ್ಲಿನ ಬಗ್ಗೆ ಒಂದು ಮಾತು. ಇಲ್ಲಿ ಹಿತ್ತಲಿಗೆ ಹಾಸುವ 'ಇಂಡಿಯನ್ ಸ್ಯಾಂಡ್‌ಸ್ಟೋನ್' ಹೆಚ್ಚಾಗಿ ರಾಜಸ್ಥಾನದ್ದು. ಬೂಂದಿ ಜಿಲ್ಲೆಯ ಬುಧಪುರಾದಲ್ಲಿ ಕ್ವಾರಿಯವರು ಎಸೆದ ಚೂರುಗಳಿಂದ ಕಾಬಲ್ ಕಲ್ಲು (ನೆಲಕ್ಕೆ ಹಾಸುವ ಚಿಕ್ಕ ಕಲ್ಲು) ಕುಟ್ಟುತ್ತಾರೆ. ಕೂಲಿ ಕಲ್ಲಿನ ಲೆಕ್ಕಕ್ಕೆ. ಅದಕ್ಕೇ ಮಕ್ಕಳೂ ಅಪ್ಪ-ಅಮ್ಮನ ಪಕ್ಕ ಸುತ್ತಿಗೆ ಹಿಡಿದು ಕೂರುವುದು. ದೂಳಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ. ಇದು ಎಷ್ಟೋ ಸಲ ಮನೆ ಮುಂದೆಯೇ ನಡೆಯುವ ಕೆಲಸ, ಕ್ವಾರಿಯ ಲೈಸೆನ್ಸ್ ನೋಡಿದರೆ ಎಲ್ಲಿ ಕಾಣುತ್ತದೆ?

ಬಿಡುಗಡೆಪತ್ರ:
ಹೌದು. ಯಾರ್ಡಿನಲ್ಲಾಗಲಿ, ನರ್ಸರಿಯಲ್ಲಾಗಲಿ ಮಾಲೀಕನನ್ನು 'ಜೀತ ಇದೆಯಾ' ಅಂತ ಕೇಳಿದರೆ ಕಾಫಿ ತರಿಸುತ್ತಾನೆ ಅಷ್ಟೇ. ಲೋಡ್ ಮಾಡುವವರ ಜೊತೆ ಮಾತಿಗೆ ಕೂತು, ಹಬ್ಬಕ್ಕೆ ಊರಿಗೆ ಹೋಗಿದ್ರಾ, ಮನೆಮಂದಿಯೆಲ್ಲ ಒಟ್ಟಿಗೆ ಹೋಗಿದ್ರಾ ಅಂತ ಕೇಳಿ. ರೇಟು ಎಲ್ಲರಿಗಿಂತ ತೀರಾ ಕಡಿಮೆ ಇದ್ದರೆ ಯಾಕೆ ಅಂತಲೂ ಕೇಳಿ.

ಹುಲ್ಲುಹಾಸು:
ಎಲ್ಲರಿಗೂ ಥ್ಯಾಂಕ್ಸ್. ಆ ದಂಪತಿ ನಿನ್ನೆ ರಾತ್ರಿ ಬಸ್ ಹತ್ತಿದರು. ಮೇಸ್ತ್ರಿ ಕೂಗಾಡಿದ, ಆಮೇಲೆ ಬಾಯಿ ಬಿಟ್ಟ. ಅವನೂ ಸಾಹುಕಾರನ ಹತ್ತಿರ 3 ರೂಪಾಯಿ ಬಡ್ಡಿಗೆ ತಂದು ಹಂಚಿದ್ದನಂತೆ. ಅವನ ಕಮಿಷನ್ ಬೇರೆ ಮಾಡಿದ್ದೇನೆ, ಕೂಲಿ ಇನ್ನು ಖಾತೆಗೇ. ಲೇಬರ್ ರೇಟು ಏರಿಸಿ ಹೊಸ ಕೊಟೇಶನ್ ಕಳಿಸಿದೆ. ಅದೇ ಕಂಪನಿಯ ಪರ್ಚೇಸ್‌ನವರು ಲೇಬರ್ ಜಾಸ್ತಿ ಆಯಿತು, ಇಳಿಸಿ ಅಂತ ಮೇಲ್ ಹಾಕಿದ್ದಾರೆ. ಏನು ಬರೆಯಲಿ?

ಯಾರ್ಕ್‌ಷೈರ್_ಕನ್ನಡಿಗ:
ಕನಿಷ್ಠ ಕೂಲಿಯ ಸರ್ಕಾರಿ ಆದೇಶ ಲಗತ್ತಿಸಿ. ಜೊತೆಗೆ ಅವರದೇ ಫಾರಂ. ಫಾರಂ ಕಳಿಸಿದ ವಿಭಾಗಕ್ಕೂ ಒಂದು ಪ್ರತಿ ಹೋಗಲಿ.